ಹಾಳೆಯ ಹಿಂಬದಿ

ಲಮಾರಾ ಬಂದ ದಿನ ಅವಳ ಕಂಕುಳಲ್ಲಿ
ಕೊಳವೆಯ ಹಾಗೆ ಸುತ್ತಿದ ಒಂದು ಹಾಳೆ.
ಯಂತ್ರದಮನೆಯ ಗೋಡೆಗೆ ನಾಲ್ಕು ಮೊಳೆ ಹೊಡೆದು ಬಿಚ್ಚಿದರೆ
ಅಡ್ಡಡ್ಡ ಪಟ್ಟಿ: ಹಸಿರು, ಹಳದಿ, ಕೆಂಪು.
ಜಾರ್ಜಿಯಾದ ಈ ಗಣಿಕಣಿವೆಯಲ್ಲಿ ಅಷ್ಟು ಬಣ್ಣ
ಮದುವೆಯಲ್ಲಷ್ಟೇ. ಮಿಕ್ಕದ್ದು ಮ್ಯಾಂಗನೀಸಿನ ಕಪ್ಪು:
ಹೊಳೆ ಕಪ್ಪು, ಕಿಟಕಿದಂಡೆ ಕಪ್ಪು,
ಅಂಗಿ ಒಗೆದು ಚೆಲ್ಲಿದ ನೀರೂ ಕಪ್ಪು.

ಪ್ರಾಜೆಕ್ಟ್ ಮ್ಯಾನೇಜರು, ಟಿಬಿಲಿಸಿಯವಳು.
ಹದಿನಾಲ್ಕು ವರ್ಷ ನಿಂತಲ್ಲೇ ತುಕ್ಕು ತಿಂದ
ತಂತಿದಾರಿಯ ಡಬ್ಬಿಯನ್ನು ಮತ್ತೆ ಗುಡ್ಡ ಹತ್ತಿಸಬೇಕು,
ದ್ರಾಕ್ಷಿ ಕೊಯ್ಲಿಗೆ ಮುಂಚೆ.

ಸೋಮವಾರ ಒಂಬತ್ತಕ್ಕೆ ನಿಂತೇ ಸಭೆ.
‘ಎಷ್ಟು ಶೇಕಡಾ?’
ಗೋಚಾ ಎಂಬತ್ತು ಅನ್ನುವನು. ನಾನು ತೊಂಬತ್ತು.
ಅವಳು ಹಸಿರು ಹಚ್ಚುವಳು.
ನಾವೇನು ಕೆಟ್ಟವರಲ್ಲ. ಕೆಂಪು ಅಂದವನ ಸಂಬಳಕ್ಕೆ
ಏನಾಗುತ್ತದೆ ಎಂಬುದು ಗಣಿ ಕಲಿಸಿದ ಮಗ್ಗಿ.

ತ್ಸಿಯಾಲಾ ಮಾತ್ರ ಏನೂ ಅನ್ನಳು.
ಮೂವತ್ತೊಂದು ವರ್ಷ ಹಿಡಿಕೋಲು ಎಳೆದವಳು
ಮೂಲೆಯಲ್ಲಿ ಕೂತು ಕಾಲುಚೀಲ ಹೆಣೆಯುವಳು.
ಹಾಳೆಯಲ್ಲಿ ಅವಳಿಗೊಂದು ಪಟ್ಟಿ ಇರಲಿಲ್ಲ.

ಆಗಸ್ಟಿನಲ್ಲಿ ಪರೀಕ್ಷೆಯ ಓಟ.
ಲಮಾರಾ, ಗೋಚಾ, ಆರು ಮೂಟೆ ಮರಳು.
ಹೊಳೆಯ ನಟ್ಟನಡುವೆ, ಗಿಡುಗ ತಿರುಗುವ ಎತ್ತರದಲ್ಲಿ
ನಿಂತಿತು.
ಎರಡು ಗಂಟೆ. ಗಾಳಿ ಡಬ್ಬಿಯನ್ನು ಅಲುಗಿಸಿದ್ದು
ತೊಟ್ಟಿಲು ತೂಗಿದಂತಲ್ಲ,
ಸಾಲಗಾರನ ಬಾಗಿಲು ಬಡಿದಂತೆ.
ಫೋನಿಗೆ ಸಿಗ್ನಲ್ ಇಲ್ಲ. ಹಾಳೆ ಗೋಡೆಯಲ್ಲಿ.
ಮೊದಲು ಬೈದಳಂತೆ. ಆಮೇಲೆ ಸುಮ್ಮನಾದಳಂತೆ. ಆಮೇಲೆ:
‘ಇದು ನಿಲ್ಲುತ್ತದೆ ಅಂತ ಗೊತ್ತಿತ್ತಾ ನಿನಗೆ?’
‘ನನಗಲ್ಲ. ತ್ಸಿಯಾಲಾಗೆ.’
‘ಮತ್ತೆ ಯಾಕೆ ಹೇಳಲಿಲ್ಲ?’
‘ನೀವು ಕೇಳಿದ್ದು ಶೇಕಡಾ.’

ಕೈಚಕ್ರ ತಿರುವಿ ತಿರುವಿ ಇಳಿಸಿದೆವು
(ನನ್ನ ಅಂಗೈಯ ಬೊಬ್ಬೆಯ ಕಲೆ ಇನ್ನೂ ಇದೆ, ಬೇಕಾದರೆ ನೋಡಿ).
ಬಕೀಟಿಗೆ ವಾಂತಿ ಮಾಡಿ, ಬಾಯಿ ಮುಕ್ಕಳಿಸಿ
ಸೀದಾ ಹೋಗಿ ನಾಲ್ಕೂ ಮೊಳೆ ಕಿತ್ತಳು.
ಹಾಳೆಯನ್ನು ಮಗುಚಿ ನೆಲಕ್ಕೆ ಹಾಸಿದಳು.
ಹಿಂಬದಿ ಬರೀ ಬಿಳಿ.
ಕುಕ್ಕರಗಾಲಲ್ಲಿ ಕೂತು, ಪೆನ್ಸಿಲ್ ಮುಂದೆ ಚಾಚಿ,
‘ಯಾರಿಗೆ ಎಲ್ಲಿ ಭಯವೋ ಅಲ್ಲಿ ಒಂದು ಗುರುತು.’
ಮೊದಲ ಗುರುತು ಅವಳದೇ: ಡಬ್ಬಿ, ಒಳಗೊಂದು ಚುಕ್ಕೆ.
‘ಇದು ನಾನು.’
ಯಾರೂ ನಗಲಿಲ್ಲ.
ಗೋಚಾ ಬ್ರೇಕು ಬರೆದ. ಹುಲಿ ಅಂತ ನಾವು ನಂಬಿದ್ದ ಬಕಾರಿ
ಏಣಿ ಬರೆದ, ಪಾಪ, ಅದೇ ಏಣಿ, ದಿನಾ ಹತ್ತುವುದು.
ನನ್ನದು ಹೇಳುವುದಿಲ್ಲ.

ತ್ಸಿಯಾಲಾ ಪೆನ್ಸಿಲ್ ಮುಟ್ಟಲಿಲ್ಲ.
ಸೂಜಿ ಮಡಿಲಿಗಿಟ್ಟು, ಕಣ್ಣು ಮುಚ್ಚಿ, ಗಂಟಲಲ್ಲಿ
ಗುರ್ರ್, ಗುರ್ರ್, ಟಕ್.
ಗುರ್ರ್, ಗುರ್ರ್, ಟಕ್.
‘ಮೂರನೇ ಗಾಲಿ. ಬಿಸಿಯಾದಾಗ ಮಾತ್ರ.’
ಬಕಾರಿ ಹತ್ತಿದ. ಈ ಸಲ ಏಣಿಯ ಬುಡ ಹಿಡಿದವಳು ಲಮಾರಾ.
ಉಗುರಿನಷ್ಟೇ ಬಿರುಕು.

ಹೊಸ ಗಾಲಿಗೆ ಹತ್ತೊಂಬತ್ತು ದಿನ.
ಟಿಬಿಲಿಸಿಯಿಂದ ಫೋನು: ಯಾಕೆ ಕೆಂಪು?
ಯಾರ ಹೆಸರು ಹೇಳುತ್ತಾಳೋ ಅಂತ ನಾವು ಉಸಿರು ಹಿಡಿದೆವು.
‘ಕೆಂಪಾಗಿದೆ, ಅದಕ್ಕೇ ಕೆಂಪು.’
ಇಟ್ಟು, ಹೊರಗೆ ಹೋಗಿ, ಒಬ್ಬಳೇ ಮೂರು ಸಿಗರೇಟು ಸೇದಿದಳು.

ಆ ಹತ್ತೊಂಬತ್ತು ದಿನ ಅವಳು ಮಾಡಿದ ಕೆಲಸಕ್ಕೆ ಹೆಸರಿಲ್ಲ.
ಬಿಸಿ ರೊಟ್ಟಿ ತಂದಳು. ಗ್ರೀಸು ತಂದಳು. ಜಗಳ ತನ್ನ ಮೇಲೆ ಹಾಕಿಕೊಂಡಳು.
ತ್ಸಿಯಾಲಾಳ ಪಕ್ಕ ಕೂತು ಕಿವಿಗೊಟ್ಟಳು.
ಕೊನೆಗೂ ಆ ಟಕ್ ಅವಳಿಗೆ ಕೇಳಿಸಲಿಲ್ಲ.
ಕೇಳುವವರು ಯಾರು ಎಂಬುದಷ್ಟೇ ತಿಳಿಯಿತು.

ಡಬ್ಬಿ ಹತ್ತಿತು, ಕೊಯ್ಲು ಮುಗಿದ ಮೇಲೆ.
ಲಮಾರಾ ಈಗ ಎಲ್ಲೋ ನೀರಿನ ಪೈಪು ಹಾಕಿಸುತ್ತಿದ್ದಾಳಂತೆ.
ಹಾಳೆ ಇಲ್ಲೇ ಇದೆ, ಚಹಾ ಲೋಟದ ವೃತ್ತಗಳ ನಡುವೆ
ಆ ಚುಕ್ಕೆ ಇನ್ನೂ ಅಳಿಸಿಲ್ಲ.

ಮೊನ್ನೆ ಹೊಸಬನೊಬ್ಬ ಬಂದು ಎಷ್ಟು ಶೇಕಡಾ ಅಂದ.
ತ್ಸಿಯಾಲಾ ಅವನಿಗೆ ಕುರ್ಚಿ ಎಳೆದುಕೊಟ್ಟಳು.
ನನಗಂತೂ ಈಗಲೂ ನಾಲಿಗೆ ತುದಿಗೆ ತೊಂಬತ್ತೇ ಬರುತ್ತದೆ.
ನುಂಗಿಕೊಂಡು,
‘ಗೊತ್ತಿಲ್ಲ, ಬಂದು ನೋಡಿ’ ಅಂದೆ.